ಪಾವು, ಹಾವು, ಜಿಲಾನ್

ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಯಾರೋ ಒಂದು ಫೋಟೋ ಹಾಕಿದ್ದರು. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಫೋಟೋ ತೆಗೆಯುವವನ ಮೇಲೆ ಸ್ವಲ್ಪ ಅನುಮಾನ ಇಟ್ಟುಕೊಂಡಂಥ ನೋಟ. ಕೆಳಗೆ 'ಹಾವಿನ ಮೇಷ್ಟ್ರು ಇನ್ನಿಲ್ಲ' ಎಂದು ಬರೆದಿತ್ತು. ಅದರ ಕೆಳಗೆ ಸಾಲು ಸಾಲಾಗಿ ಕೈಮುಗಿದ ಚಿತ್ರಗಳು. ಒಬ್ಬ ಮಹಾರಾಯ ಕೈಮುಗಿದ ಚಿತ್ರದ ಪಕ್ಕದಲ್ಲಿ ಹೆಡೆ ಎತ್ತಿದ ಹಾವಿನ ಚಿತ್ರವನ್ನೂ ಅಂಟಿಸಿದ್ದ. ಫೋನನ್ನು ಡ್ರಾಯರಿಗೆ ಎಸೆದು ಮುಂದಿನ ಪೇಷೆಂಟನ್ನು ಕರೆದೆ.

ಹಾವಿನ ಮೇಷ್ಟ್ರಂತೆ! ಅವರ ಬಾಯಿಂದ ಆ ಪದ ಹೊರಟಿದ್ದನ್ನು ಈಚಿನ ವರ್ಷಗಳಲ್ಲಿ ಯಾರಾದರೂ ಕೇಳಿದ್ದರೆ ಬಂದು ನನ್ನ ಎದುರು ಹೇಳಲಿ. ಊರೂರು ಸುತ್ತಿ ಮಕ್ಕಳಿಂದ ಹೇಳಿಸಿದರು, ಮುದುಕಿಯರಿಂದ ಹೇಳಿಸಲು ಹೋಗಿ ಬೈಸಿಕೊಂಡರು. ತಾವು ಮಾತ್ರ ಹೇಳಲಿಲ್ಲ. ಆ ಎರಡಕ್ಷರವನ್ನು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿಬಿಡಬೇಕು ಎಂದು ಅವರು ಒದ್ದಾಡಿದ್ದನ್ನು ನಾನು ಗುಬ್ಬಿಯ ಆಸ್ಪತ್ರೆಯ ನನ್ನ ಕೋಣೆಯಲ್ಲಿ ಪ್ರತಿ ಸೋಮವಾರ ಕಣ್ಣಾರೆ ನೋಡಿದ್ದೇನೆ.

ಅವರು ನಮಗೆ ಕನ್ನಡ ಮೇಷ್ಟ್ರು. ಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ. ಅದನ್ನು ಬಿಚ್ಚಿದ್ದನ್ನು ನಾನು ಕಂಡಿಲ್ಲ. ಮಳೆ ಬಂದರೆ ಯಾರದಾದರೂ ಕೊಡೆಯೊಳಗೆ ಸೇರಿಕೊಂಡು ನಡೆಯುತ್ತಿದ್ದರು. ಅವರ ಕೊಡೆಗೆ ಬೇರೆ ಕೆಲಸಗಳಿದ್ದವು. ಬೋರ್ಡಿನ ಮೇಲಿನ ಅಕ್ಷರ ತೋರಿಸುವುದು, ತೂಕಡಿಸುವವರ ಬೆಂಚು ಕುಟ್ಟುವುದು, ಕಿಟಕಿಯ ಹೊರಗೆ ನಿಂತು ಇಣುಕುವ ದನ ಓಡಿಸುವುದು. ಅವರ ಮುಖ್ಯ ಯುದ್ಧ ಮಾತ್ರ ಹಕಾರದ್ದು. ನಮ್ಮ ಕಡೆಯವರ ನಾಲಿಗೆಗೆ ಹ ಅಂದರೆ ಸೋಮಾರಿತನ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೊಸಬರು ಒಸಬರಾಗುತ್ತಾರೆ. ಮೇಷ್ಟ್ರಿಗೆ ಅದು ಕೇಳಿದರೆ ಮೈ ಉರಿಯುತ್ತಿತ್ತು.

"ಏನ್ಲಾ ಅದು ಆವು? ಹೊಟ್ಟೆಯಿಂದ ಉಸಿರು ತೆಗೆದು ಹೇಳ್ಲಾ. ಹಾ... ವು!"

"ಆ... ವು ಸಾ."

"ಹಳೇ ಕಾಲ್ದೋರು ಪಾವು ಅಂತಿದ್ರು. ಪಾಲು ಹಾಲಾಯ್ತು, ಪೂವು ಹೂವಾಯ್ತು, ಪಾವು ಹಾವಾಯ್ತು. ಪ ಹೋಗಿ ಹ ಆದ್ರೂ ಬಂತು. ಈಗ ನೀವು ಹ-ನೂ ನುಂಗ್ಬುಟ್ರೆ ಮುಂದಿನೋರಿಗೆ ಏನ್ಲಾ ಉಳೀತದೆ? ಬರೀ ಬಾಲ?"

ತರಗತಿಯೆಲ್ಲ ನಗುತ್ತಿತ್ತು. ಅವರೂ ನಗುತ್ತಿದ್ದರು. ನಕ್ಕಾಗ ಕೊಡೆ ಕಂಕುಳಿಂದ ಜಾರಿ ಬೀಳುತ್ತಿತ್ತು, ಮುಂದಿನ ಬೆಂಚಿನವರು ಎತ್ತಿ ಕೊಡುತ್ತಿದ್ದೆವು.

ಅವರ ಮನೆಯವರು ಅವರನ್ನು 'ವ್ಯಾಕರಣ' ಎಂದು ಕರೆಯುತ್ತಿದ್ದರು. 'ನಮ್ಮ ವ್ಯಾಕರಣ ಸಂತೆಗೆ ಹೋಗವ್ರೆ', 'ವ್ಯಾಕರಣಕ್ಕೆ ಬೇಳೆ ಸಾರು ಸೇರಕಿಲ್ಲ', ಹೀಗೆ. ಮಕ್ಕಳಿಲ್ಲದ ಮನೆ, ಅವರಿಬ್ಬರೂ ಒಬ್ಬರಿಗೊಬ್ಬರು ಮಕ್ಕಳಂತಿದ್ದರು. ನನಗೆ ಇಲ್ಲಿ ಮೆಡಿಕಲ್ ಸೀಟು ಸಿಗದೆ ಕಿರ್ಗಿಸ್ತಾನಕ್ಕೆ ಹೊರಟು ಅವರ ಮನೆಗೆ ಆಶೀರ್ವಾದಕ್ಕೆ ಹೋದಾಗ ಆಕೆ ಒಂದು ಡಬ್ಬಿ ಹುರಿಗಡಲೆ ಚಟ್ನಿಪುಡಿ ಕೊಟ್ಟರು.

"ಅಲ್ಲಿ ಕುದ್ರೆ ಮಾಂಸ ತಿಂತಾರಂತಲ್ಲೇ, ನಿಜವೇನೇ? ನೀನು ಇದ್ರಲ್ಲೇ ಕಾಲ ಹಾಕು."

ಮೇಷ್ಟ್ರು ಬಾಗಿಲವರೆಗೆ ಬಂದು, "ಅವರ ಭಾಷೇಲೂ ನಮ್ಮ ಪ-ಹ ಥರ ಅಕ್ಷರ ಬದಲಾಗಿದ್ಯಾ, ಸ್ವಲ್ಪ ವಿಚಾರಿಸ್ಕೊಂಡ್ ಬಾ ಕಣಮ್ಮಾ" ಅಂದರು.

"ದೇಶ ಬಿಟ್ಟು ಹೋಗ್ತಿರೋ ಮಗೀಗೂ ವ್ಯಾಕರಣ!" ಎಂದು ಒಳಗಿನಿಂದ ಆಕೆ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಕೆಯ ದನಿ ಕೇಳಿದ್ದು ಅದೇ ಕೊನೆ.

ನಾನು ಅಲ್ಲಿ ಓದುತ್ತಿರುವಾಗಲೇ ಆಕೆ ಹೋಗಿಬಿಟ್ಟರು. ಅಮ್ಮ ಫೋನಿನಲ್ಲಿ ಹೇಳಿದಳು: "ಮೇಷ್ಟ್ರು ಮನೆಯವ್ರಿಗೆ ಹುಳ ಮುಟ್ಟಿ ಹೋಗ್ಬುಟ್ರು ಕಣೇ."

ಬಿಷ್ಕೆಕ್ ಊರಿನ ಹಾಸ್ಟೆಲಿನ ಮೆಟ್ಟಿಲ ಮೇಲೆ ಹಿಮದಲ್ಲಿ ನಿಂತಿದ್ದ ನನಗೆ ಅದು ತಕ್ಷಣ ಅರ್ಥವಾಯಿತು. ನಮ್ಮ ಕಡೆ ಯಾರಿಗಾದರೂ ಅರ್ಥವಾಗುತ್ತದೆ. ಹುಳ ಕಚ್ಚಿತು ಅಂದರೆ ಗೊದ್ದ ಇರಬಹುದು, ಕಣಜ ಇರಬಹುದು, ಚೇಳೂ ಇರಬಹುದು. ಹುಳ ಮುಟ್ಟಿತು ಅಂದರೆ ಅದೊಂದೇ. ಆ ಪ್ರಾಣಿಯ ಹೆಸರು ಎತ್ತಬಾರದು, ಎತ್ತಿದರೆ ಬರುತ್ತದೆ, ಕಚ್ಚಿಸಿಕೊಂಡವರ ಎದುರಿಗೆ ಎತ್ತಿದರಂತೂ ವಿಷ ತಲೆಗೇರುತ್ತದೆ. ಹಾಗಾಗಿ ಹಾವು ಹುಳವಾಗಿದೆ, ಕಚ್ಚುವುದು ಮುಟ್ಟುವುದಾಗಿದೆ. ಇದನ್ನು ನಮಗೆ ಯಾರೂ ಪಾಠ ಮಾಡಿಲ್ಲ. ಅನ್ನ ತಿನ್ನಲು ಕಲಿತ ಹಾಗೆ ಕಲಿತಿದ್ದೇವೆ.

ನಡೆದಿದ್ದು ಇಷ್ಟು. ಮುಂಜಾನೆ ಹಂಡೆ ಒಲೆಗೆ ಹಾಕಲು ಒಣಗಿದ ತೆಂಗಿನ ಗರಿ ಎಳೆಯಲು ಹೋದಾಗ ಆಕೆಯ ಕೈಗೆ ತಗುಲಿದೆ. ಮೇಷ್ಟ್ರು ಗರಿಯ ಕೆಳಗೆ ಸರಿದುಹೋದ ಬಾಲ ನೋಡಿದ್ದಾರೆ. ಕೈಮೇಲೆ ಗಾಯವೆಂಬ ಗಾಯವೂ ಇಲ್ಲ, ಸೂಜಿ ತಾಗಿದಷ್ಟು. ಅವರು ಬಾಯಿ ತೆರೆಯುವ ಮೊದಲೇ ಆಕೆ ಅವರ ಬಾಯಿಗೆ ಕೈ ಅಡ್ಡ ಇಟ್ಟು, "ಹೆಸ್ರು ಎತ್ತಬೇಡಿ ರೀ, ನಂಗೇನೂ ಆಗಕಿಲ್ಲ" ಅಂದಿದ್ದಾರೆ. ಆಟೋ ಹಿಡಿದು ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದಾರೆ. ಅಲ್ಲಿದ್ದ ಡ್ಯೂಟಿ ಡಾಕ್ಟರ್ ದೂರದ ಕಡೆಯ ಹುಡುಗ, ಬೆಂಗಳೂರಿನಲ್ಲಿ ಅಷ್ಟಿಷ್ಟು ಕನ್ನಡ ಕಲಿತವನು. ಮೇಷ್ಟ್ರು ಹೇಳಿದ್ದಾರೆ: "ಡಾಕ್ಟ್ರೇ, ಹುಳ ಮುಟ್ಟಿದೆ. ಬೇಗ ನೋಡಿ."

ಆತನಿಗೆ ಹುಳ ಅಂದರೆ ಹುಳ. ಅಲರ್ಜಿಗೆ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಮುಲಾಮು ಹಚ್ಚಿ, ಹೊರಗೆ ಬೆಂಚಿನ ಮೇಲೆ ಕೂರಿಸಿದ್ದಾನೆ. ಕೊಂಚ ಹೊತ್ತಿಗೆ ಆಕೆ ಕಣ್ಣು ಬಿಡಲಾಗುತ್ತಿಲ್ಲ, ನಿದ್ದೆ ಬರುತ್ತಿದೆ ಅಂದಿದ್ದಾರೆ. ಆ ಇಂಜೆಕ್ಷನ್ನಿಗೆ ನಿದ್ದೆ ಬರುವುದು ಸಹಜ ಎಂದು ಆಗಷ್ಟೇ ಡ್ಯೂಟಿಗೆ ಬಂದ ಸಿಸ್ಟರ್ ಸಮಾಧಾನ ಹೇಳಿದ್ದಾರೆ. ಮೇಷ್ಟ್ರು ಹೆಂಡತಿಯ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು, ಮಲಗಲಿ ಪಾಪ, ಎಂದು ಅಲುಗಾಡದೆ ಕೂತಿದ್ದಾರೆ. ಅದು ನಿದ್ದೆಯಲ್ಲ ಎಂದು ಗೊತ್ತಾಗಿ ತುಮಕೂರಿಗೆ ಕರೆದೊಯ್ಯುವಾಗ ದಾರಿಯಲ್ಲೇ ಉಸಿರು ನಿಂತಿದೆ.

ಆ ಡಾಕ್ಟರ್ ಆಮೇಲೆ ಮೇಷ್ಟ್ರ ಕೈ ಹಿಡಿದುಕೊಂಡು ಅತ್ತನಂತೆ. "ಸರ್, ನೀವು ಹಾವು ಅನ್ನಲೇ ಇಲ್ಲ" ಅಂದನಂತೆ. ಮೇಷ್ಟ್ರು ಎಲ್ಲವನ್ನೂ ತಡೆದುಕೊಂಡಿದ್ದರು, ಆ ಒಂದು ಮಾತನ್ನು ತಡೆಯಲಾಗಲಿಲ್ಲ.

ನಾನು ಓದು ಮುಗಿಸಿ, ಇಲ್ಲಿಯ ಪರೀಕ್ಷೆಗಳನ್ನೂ ಹೇಗೋ ದಾಟಿ, ಗುಬ್ಬಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ಸೋಮವಾರ ಮಧ್ಯಾಹ್ನ ಅವರು ಬಂದರು. ನನಗೆ ಗುರುತೇ ಸಿಗಲಿಲ್ಲ. ಕೊಡೆ ಇತ್ತು, ಅದನ್ನು ಹಿಡಿದಿದ್ದ ಮನುಷ್ಯ ಅರ್ಧ ಆಗಿದ್ದರು. ಸೋಮವಾರ ಅವರು ಒಪ್ಪೊತ್ತು. ಹಾಗಾಗಿ ಶಾಲೆಯ ಊಟದ ಬಿಡುವಿನಲ್ಲಿ ಅವರಿಗೆ ಕೆಲಸವಿರಲಿಲ್ಲ. ನಾನು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದರೆ ಎದುರಿನ ಸ್ಟೂಲಿನ ಮೇಲೆ ಕೂತು ಕಾಫಿ ಆರಿಸುತ್ತಾ ಕೇಳಿದರು:

"ಅಲ್ಲ ಕಣಮ್ಮಾ, ನೀನು ಓದಿದ ಊರಲ್ಲಿ ಅದಕ್ಕೆ ಏನಂತಾರೆ?"

"ಯಾವುದಕ್ಕೆ ಸರ್?"

"ಅದಕ್ಕೆ." ತೋರುಬೆರಳನ್ನು ಮೇಜಿನ ಮೇಲೆ ಅಂಕುಡೊಂಕಾಗಿ ಎಳೆದರು.

"ಜಿಲಾನ್ ಅಂತಾರೆ ಸರ್."

"ಜಿಲಾನ್." ಅವರು ಬಾಯಿ ತುಂಬ ಅಂದರು. ಮತ್ತೆ ಅಂದರು. ಗಂಟಲಿನಿಂದ ಬರಬೇಕಾದ ಆ ವಿಚಿತ್ರ ಇಕಾರವನ್ನು ನಾನು ಹೇಳಿಕೊಟ್ಟೆ. ನನಗೆ ಒಂದು ವರ್ಷ ಹಿಡಿದಿದ್ದು ಅವರಿಗೆ ಒಂದು ಕಾಫಿಯೊಳಗೆ ಬಂತು. ಹೋಗುವಾಗ ಮುಖ ಸ್ವಲ್ಪ ಹಗುರಾಗಿತ್ತು. ಹಳೇ ಮೇಷ್ಟ್ರು ಇನ್ನೂ ಒಳಗೆ ಇದ್ದಾರೆ ಎಂದು ನನಗೆ ಖುಷಿಯೇ ಆಯಿತು.

ಅಲ್ಲಿಂದ ಶುರುವಾಯಿತು. ಮುಂದಿನ ಸೋಮವಾರದಿಂದ ಅವರು ಫೋನಿನಲ್ಲಿ ಹುಡುಕಿ ಹುಡುಕಿ ಒಂದೊಂದೇ ಪದ ತರುತ್ತಿದ್ದರು. ಟರ್ಕಿಯವರು ಯಿಲಾನ್. ಅಜರ್‌ಬೈಜಾನಿನವರು ಇಲಾನ್. ಉಜ್ಬೆಕರು ಇಲೋನ್. ಕಜಕರದ್ದು ಝಿಲಾನ್. ಟಾಟಾರರು ಯೆಲಾನ್, ತುವಾ ಎಂಬ ಕಡೆಯವರು ಚಿಲಾನ್, ಚುವಾಶ್ ಎಂಬ ಜನ ಶೆಲೆನ್.

"ನೋಡಮ್ಮಾ, ನಮ್ಮ ಪ-ಹ ಇದ್ದ ಹಾಗೇ ಅವರದ್ದು. ಯ ಹೋಗಿ ಜ ಆಯ್ತು, ಜ ಹೋಗಿ ಚ ಆಯ್ತು, ಕೆಲವರು ಅದನ್ನೂ ನುಂಗಿದ್ರು. ಆದ್ರೆ ಪದ ನೋಡು, ಎಲ್ಲಿಂದ ಎಲ್ಲೀ ತಂಕ ಒಂದೇ! ಸಮುದ್ರದ ದಡದಿಂದ ಹಿಮದ ತಂಕ. ಯಾರೂ ಬಚ್ಚಿಟ್ಟಿಲ್ಲ. ಕುದುರೆ ಮೇಲೆ ಹೋದ ಕಡೆಗೆಲ್ಲ ಬಾಯಲ್ಲಿ ಇಟ್ಕೊಂಡು ಹೋಗವ್ರೆ."

ಅವರ ಹಠ ನನಗೆ ಆಗ ಅರ್ಥವಾಯಿತು. ಹೆಸರು ಹೇಳಲು ಹೆದರದ ಜನ ಭೂಮಿಯ ಮೇಲೆ ಇದ್ದಾರೆ ಎಂದು ಅವರಿಗೆ ಖಾತ್ರಿಯಾಗಬೇಕಿತ್ತು. ಅವರು ಹೇಳಬಲ್ಲರಾದರೆ ನಾವೂ ಹೇಳಬಲ್ಲೆವು. ನಾವು ಹೇಳಬಲ್ಲೆವಾದರೆ ಅವತ್ತು ತಾವೂ ಹೇಳಬಹುದಾಗಿತ್ತು. ಅಷ್ಟು ದೂರ ಹೋಗುವಷ್ಟರಲ್ಲಿ ಕಾಫಿ ಕೆನೆಗಟ್ಟುತ್ತಿತ್ತು. "ನಂದೇ ತಪ್ಪಲ್ವಾ ಹೇಳಮ್ಮಾ?" ಎಂದು ಕೇಳುತ್ತಿದ್ದರು. "ಇಲ್ಲ ಸರ್, ಅವರೇ ಬೇಡ ಅಂದ್ರಲ್ಲ, ನೀವೇನು ಮಾಡೋಕಾಗ್ತಿತ್ತು" ಅನ್ನುತ್ತಿದ್ದೆ. ಡಾಕ್ಟರು ಬರೆದ ಮಾತ್ರೆಯನ್ನು ಒಪ್ಪಿಕೊಳ್ಳುವ ಹಾಗೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಮುಂದಿನ ಸೋಮವಾರ ಅದೇ ಪ್ರಶ್ನೆ.

ಒಮ್ಮೆ, ಕಿರ್ಗಿಸರಲ್ಲಿ ವರ್ಷಕ್ಕೊಂದು ಪ್ರಾಣಿಯ ಹೆಸರು, ಹಾವಿನ ವರ್ಷ ಅಂತಲೂ ಒಂದಿದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಸ್ಟೂಲಿನಿಂದ ಎದ್ದು ನಿಂತರು. ಅವಳು ಹೋದ ವರ್ಷ ಯಾವುದು ನೋಡು, ಈಗಲೇ ನೋಡು ಅಂದರು. ಅದೇ ಆಗಿರಲಿ, ಹಣೆಬರಹ ಅಂತ ಒಂದು ಇರಲಿ ಎಂದು ಅವರ ಕಣ್ಣು ಬೇಡುತ್ತಿತ್ತು. ನಾನು ಫೋನಿನಲ್ಲಿ ಹುಡುಕಿದೆ. ಹಸುವಿನ ವರ್ಷ.

"ಹಸುವಾ," ಎಂದು ಕೂತರು. "ಅವಳಿಗೆ ಹಸು ಅಂದ್ರೆ ಪ್ರಾಣ." ಅವತ್ತು ಕಾಫಿ ಕುಡಿಯಲೇ ಇಲ್ಲ.

ಈ ನಡುವೆ ಭಾನುವಾರಗಳಲ್ಲಿ ಊರೂರು ಅಲೆಯಲು ಶುರುಮಾಡಿದ್ದರು. ಕೋರದ ಹತ್ತಿರ ಒಂದು ಹಳ್ಳಿಯಲ್ಲಿ ಮಕ್ಕಳನ್ನು ಗುಂಪು ಕಟ್ಟಿ, ಬೋರ್ಡಿನ ಮೇಲೆ ಆ ಪದ ಬರೆದು, ಕೊಡೆಯ ತುದಿ ಅದರ ಕೆಳಗಿಟ್ಟು, "ಹೇಳ್ರೋ, ಜೋರಾಗಿ!" ಅನ್ನುವುದು. ಮಕ್ಕಳು ಹಾವು, ಹಾವು ಎಂದು ಅರಚುವುದು. ಮನೆಯಲ್ಲಿ ಯಾರಿಗಾದರೂ ಕಚ್ಚಿದರೆ ಡಾಕ್ಟರ ಹತ್ತಿರ ಏನಂತ ಹೇಳ್ತೀರಿ ಎಂದು ಕೇಳುವುದು. ಮಕ್ಕಳೇನೋ ಅರಚಿದರು. ದೊಡ್ಡವರು ಅರಚಿದ್ದು ಅವರ ಮೇಲೆ. ಗೂಳೂರಿನಲ್ಲಿ ಒಬ್ಬ ಅಜ್ಜಿ ಪೊರಕೆ ಹಿಡಿದೇ ಹೊರಗೆ ಬಂದಳಂತೆ.

"ದೀಪ ಹಚ್ಚೋ ಹೊತ್ನಲ್ಲಿ ಮನೆ ಮುಂದೆ ನಿಂತ್ಕಂಡು ಆ ಹೆಸ್ರು ಎತ್ತುಸ್ತಿದೀರಲ್ಲ ಮೇಷ್ಟ್ರೇ, ನಿಮ್ಗೇನು ಮಕ್ಳುಮರಿ ಇಲ್ವಾ?"

ಇದನ್ನು ನನಗೆ ಹೇಳುವಾಗ ಅವರು ನಗಲು ನೋಡಿದರು. ಆಗುವುದಿಲ್ಲ ಎಂದು ಗೊತ್ತಾಗಿ ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕೂತರು. 'ಹಾವಿನ ಮೇಷ್ಟ್ರು' ಎಂಬ ಹೆಸರು ಬಿದ್ದಿದ್ದು ಆಗಲೇ. ಅವರು ಬಂದು ಹೋದ ಬೀದಿಯಲ್ಲಿ ಹಾವು ಕಾಣಿಸಿಕೊಳ್ಳುತ್ತದೆ ಎಂಬ ಮಾತೂ ಹುಟ್ಟಿತು. ನಮ್ಮ ಜನಕ್ಕೆ ಕೇಳಬೇಕೆ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಗಂಟು ಹಾಕುವುದರಲ್ಲಿ ಎತ್ತಿದ ಕೈ.

ಒಂದು ಸೋಮವಾರ ಅವರು ಕೂರದೆ, ನಿಂತೇ ಶುರುಮಾಡಿದರು. ಸೈಬೀರಿಯಾದಲ್ಲಿ ಸಖಾ ಎಂಬ ಜನ ಇದ್ದಾರಂತೆ, ಅವರದ್ದೂ ಅದೇ ಕುಟುಂಬದ ಭಾಷೆ.

"ಅವರ ಹತ್ರ ಮಾತ್ರ ಆ ಪದ ಇಲ್ಲ ಕಣಮ್ಮಾ. ಕಳ್ಕೊಂಡವ್ರೆ. ಏನಂತಾರೆ ಗೊತ್ತಾ? ಎರಿಯೆನ್ ಉಯೋನ್. ಹಂಗಂದ್ರೆ ಪಟ್ಟೆಪಟ್ಟೆ ಹುಳ. ಹುಳ ಕಣಮ್ಮಾ, ಅಲ್ಲೂ ಹುಳ!"

"ಅದು ಹಿಮದ ದೇಶ ಸರ್. ಹಾವೇ ಅಪರೂಪ. ಕಾಣದೆ ಕಾಣದೆ ಪದ ಮರೆತಿರ್ತಾರೆ."

"ಹೇಳದೆ ಹೇಳದೆ ಕಳ್ಕೊಂಡಿರ್ತಾರೆ," ಅಂದರು. ನಾನು ಏನು ಹೇಳಿದರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಈಗ ಸಖಾ, ಮುಂದೆ ಇನ್ಯಾರು ಎಂದು ಅದನ್ನೇ ಹಿಡಿದು ಕೂತರು.

ಅವರನ್ನು ಹೇಗಾದರೂ ಮಾಡಿ ಆ ಗುಂಡಿಯಿಂದ ಎತ್ತಬೇಕು ಎಂದು ನನಗೆ ಒಂದು ಉಪಾಯ ಹೊಳೆಯಿತು. ಬಿಷ್ಕೆಕ್‌ನಲ್ಲಿ ಕೊನೆಯ ಎರಡು ವರ್ಷ ನಾನು ಬಾಡಿಗೆಗಿದ್ದ ಮನೆಯ ಮುದುಕಿ, ನಾವು ಆಪಾ ಎಂದು ಕರೆಯುತ್ತಿದ್ದವಳು, ಈಗಲೂ ನನಗೆ ವಿಡಿಯೋ ಕಾಲ್ ಮಾಡುತ್ತಾಳೆ. ಅವಳ ಬಾಯಿಂದಲೇ ಜಿಲಾನ್ ಎಂದು ಕೇಳಿಸಿದರೆ ಇವರಿಗೆ ಧೈರ್ಯ ಬಂದೀತು. ಅಲ್ಲೇ ಕಾಲ್ ಮಾಡಿದೆ. ಆಪಾ ಚಹಾ ಬಟ್ಟಲುಗಳ ಎದುರು ಕೂತಿದ್ದಳು. ನನ್ನ ಗುರುಗಳು ಎಂದು ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟು ಬಾಗಿದಳು. ಮೇಷ್ಟ್ರು ಕೊಡೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈ ಮುಗಿದು, ತಮ್ಮ ಅತ್ಯುತ್ತಮ ಉಚ್ಚಾರಣೆಯಲ್ಲಿ ಕೇಳಿದರು: "ಜಿಲಾನ್?"

ಆಪಾಳ ಮುಖ ಮುಚ್ಚಿಕೊಂಡಿತು. ತಲೆ ತಿರುಗಿಸಿ ಎಡಭುಜದ ಮೇಲೆ ತು ತು ತು ಎಂದು ಉಗಿದಳು. ಊಟದ ಜಾಗದಲ್ಲಿ ಅದರ ಹೆಸರು ಯಾಕೆ ಎತ್ತುತ್ತೀರಿ ಎಂದು ನನ್ನನ್ನು ಗದರಿದಳು. ನಾನು ತಬ್ಬಿಬ್ಬಾಗಿ, ಹಾಗಾದರೆ ನೀವು ಏನಂತೀರಿ ಎಂದೆ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಬೆಟ್ಟಕ್ಕೆ ಹೋದಾಗ ನಮ್ಮಜ್ಜಿ ಉಜುನ್ ಕುರ್ಟ್ ಅನ್ನುತ್ತಿದ್ದಳು, ನಾವೂ ಹಾಗೇ ಅನ್ನುತ್ತೇವೆ ಎಂದಳು.

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಸುಳ್ಳು ಹೇಳಬಹುದಿತ್ತು. ಅವರ ಮುಖ ನೋಡಿ ಆಗಲಿಲ್ಲ.

"ಉದ್ದ ಹುಳ ಅಂತ ಸರ್. ಅವಳ ಅಜ್ಜಿ ಕಾಲದಿಂದ್ಲೂ."

ಅವರು ಗೋಡೆಗೆ ಒರಗಿಸಿದ್ದ ಕೊಡೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡರು. ಹೊರಗೆ ನನ್ನ ಪೇಷೆಂಟುಗಳು ಬಾಗಿಲು ತಟ್ಟುತ್ತಿದ್ದರು.

"ಅವಳ ಅಜ್ಜಿಗೆ ಕಚ್ಚಿದ್ರೆ, ಉದ್ದ ಹುಳ ಅಂತ ಹೇಳಿದ್ರೆ, ಅಲ್ಲಿಯೋರಿಗೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು ಸರ್. ಆ ಬೆಟ್ಟದವರೇ ಆಗಿದ್ರೆ."

"ನಮ್ಮೋರೇ ಆಗಿದ್ರೆ ಇಲ್ಲೂ ಗೊತ್ತಾಗ್ತಿತ್ತು." ಎದ್ದರು. "ಬಾಯಿಗೆ ಪಾಠ ಹೇಳೋದು ಇನ್ನು ಸಾಕು ಕಣಮ್ಮಾ. ಯಾವ ದೇಶದಲ್ಲೂ ಬಾಯಿ ಕೇಳಲ್ಲ. ನೀನು ಕಿವಿಗೆ ಹೇಳ್ಕೊಡು. ಹೊರಗಡೆಯಿಂದ ಯಾರು ಹೊಸದಾಗಿ ಬಂದ್ರೂ ಮೊದಲು ಅದನ್ನ ಹೇಳ್ಕೊಡು."

ನಾನು ಹೇಳಿಕೊಟ್ಟೆ. ನಮ್ಮಲ್ಲಿಗೆ ಕೇರಳದಿಂದ ಬಂದ ಸಿಸ್ಟರಿಗೆ, ಕಲಬುರಗಿಯಿಂದ ಬಂದ ಡಾಕ್ಟರಿಗೆ, ಆಂಬುಲೆನ್ಸಿನವರಿಗೆ, ಮೊದಲ ದಿನವೇ: ಈ ಕಡೆ ಮುಟ್ಟುವ ಹುಳ ಅಂದರೆ ಹಾವು. ಅವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಮೇಷ್ಟ್ರು ಊರು ಸುತ್ತುವುದನ್ನು ನಿಲ್ಲಿಸಿದರು. ಅದರಿಂದ ಅವರಿಗೆ ನೆಮ್ಮದಿ ಸಿಕ್ಕಿತು ಎಂದು ನಾನು ಅಂದುಕೊಂಡೆ. ಶಾಲೆಯಲ್ಲಿ ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗಳು ಆಗಲೇ ಹೇಳಿದ್ದು: ಮೇಷ್ಟ್ರು ಪಾಲು ಹಾಲಾಯ್ತು, ಪೂವು ಹೂವಾಯ್ತು ಅಂತಾರೆ, ಪಾವು ಅಂತಾರೆ, ಆಮೇಲೆ ಸೀಮೆಸುಣ್ಣ ಹಿಡ್ಕಂಡು ಹಾಗೇ ನಿಂತ್ಕತಾರೆ, ನಾವೇ ಹೇಳಿ ಮುಗಿಸ್ತೀವಿ.

ಆಮೇಲೆ ಒಂದು ಮಧ್ಯಾಹ್ನ ಅವರ ಫೋನು ಬಂತು. ಸೋಮವಾರವಲ್ಲ. ಎತ್ತಿದರೆ ಬರೀ ಏದುಸಿರು. ಹಿಂದೆ ಯಾರೋ ಹೆಂಗಸು ಅಳುವ ದನಿ.

"ಸರ್? ಏನಾಯ್ತು ಸರ್?"

"ಹಾ..." ಅಂದರು. ಉಸಿರು ಹೊಟ್ಟೆಯಿಂದಲೇ ಬರುತ್ತಿತ್ತು, ನಮಗೆ ಹೇಳಿಕೊಟ್ಟ ಹಾಗೇ. "ಹಾ... ಹಾ..." ಅಷ್ಟಕ್ಕೇ ನಿಲ್ಲುತ್ತಿತ್ತು. ಯಾರದೋ ಕೈ ಅವರ ಬಾಯಿಗೆ ಅಡ್ಡ ಇದೆ ಅನ್ನಿಸಿತು. ಆಮೇಲೆ ಒಂದೇ ಉಸಿರಿಗೆ, "ಜಿಲಾನ್. ಜಿಲಾನ್ ಕಣಮ್ಮಾ, ಜಿಲಾನ್!"

ಅವರ ಮನೆಯ ಪಕ್ಕದ ಹೊಲದಲ್ಲಿ ರಾಗಿಗೆ ಕಳೆ ತೆಗೆಯಲು ಬಂದ ಹೆಂಗಸಿಗೆ ಕಚ್ಚಿತ್ತು. ಆಟೋ ಬಂದು ನಿಲ್ಲುವಷ್ಟರಲ್ಲಿ ವಿಷಕ್ಕೆ ಕೊಡುವ ಇಂಜೆಕ್ಷನ್ ತಯಾರಿತ್ತು. ಆಕೆ ಉಳಿದಳು. ಈಗಲೂ ಹೊಸ ಅವರೆಕಾಯಿ ಬಂದರೆ ಒಂದು ಕೈಚೀಲ ತಂದುಕೊಟ್ಟು ಹೋಗುತ್ತಾಳೆ.

ಆಕೆಗೆ ಪ್ರಾಣಾಪಾಯವಿಲ್ಲ ಎಂದು ಹೇಳಲು ಹೊರಗೆ ಬಂದರೆ ಮೇಷ್ಟ್ರು ವರಾಂಡದ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು. ಗೆದ್ದಿರಿ ಸರ್, ಅಂದೆ. ಮೂರ್ಖಳ ಹಾಗೆ ಅಂದೆ.

"ಬರ್ಲಿಲ್ಲ," ಅಂದರು. "ಇವತ್ತೂ ಬರ್ಲಿಲ್ಲ ಕಣಮ್ಮಾ. ಅವಳ ಕೈ ಹಂಗೇ ಇದೆ ಬಾಯ್ಮೇಲೆ. ಫೋನು ನೀನಲ್ದೆ ಬೇರೆ ಯಾರಾದ್ರೂ ಎತ್ತಿದ್ರೆ?"

"ನಾನೇ ಎತ್ತಿದ್ನಲ್ಲ ಸರ್."

"ಅವತ್ತು ಕೇಳಿಸ್ಕೊಂಡಿದ್ದು ನೀನಲ್ಲ."

ಅಷ್ಟೊಂದು ದೇಶಗಳ ಪದ ಅವರು ಯಾಕೆ ಕೂಡಿಹಾಕಿದರು ಎಂಬುದು ನನಗೆ ಅವತ್ತು ಹೊಳೆಯಿತು. ಹೆಂಡತಿಗೆ ಗೊತ್ತಿಲ್ಲದ ಭಾಷೆಗಳಲ್ಲಿ ಹೇಳಲು ಆಕೆಯ ಅಡ್ಡಿ ಇರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಕುಣಿಗಲ್‌ನಲ್ಲಿದ್ದ ಅಕ್ಕನ ಮನೆಗೆ ಹೋದರು. ಅಕ್ಕನೂ ಒಬ್ಬಂಟಿ, ಇವರೂ ಒಬ್ಬಂಟಿ. ಸೋಮವಾರಗಳು ನಿಂತವು. ಆಗಾಗ ಫೋನು ಬರುತ್ತಿತ್ತು. ಹೊಸ ಸಿಸ್ಟರ್ ಬಂದಿದ್ದಾರಾ, ಹೇಳ್ಕೊಟ್ಯಾ, ಎಂದಷ್ಟೇ ಕೇಳಿ ಇಡುತ್ತಿದ್ದರು. ಹಾಗಿರುವಾಗಲೇ ಆ ಫೋಟೋ ಬಂದಿದ್ದು.

ಶಿವಗಣಾರಾಧನೆ ಮುಗಿದ ಮಾರನೆಯ ದಿನ ಕುಣಿಗಲ್‌ಗೆ ಹೋದೆ. ನಡುಮನೆಯ ಮೊಳೆಗೆ ಕೊಡೆ ನೇತುಹಾಕಿತ್ತು. ಅಕ್ಕ ಅದರ ಕೆಳಗೆ ಗೋಡೆಗೊರಗಿ ಕೂತಿದ್ದರು. ತಮ್ಮನದೇ ಮೂಗು, ತಮ್ಮನದೇ ಅನುಮಾನದ ನೋಟ.

"ಬಾರವ್ವಾ. ನಿನ್ ಮಾತೇ ಆಡ್ತಿದ್ದ."

ಹೇಗಾಯಿತು ಎಂದು ಕೇಳಿದೆ.

"ಬೆಳಗ್ಗೆ ಎದ್ದು ಎದೆ ಹಿಡ್ಕಂಡು ಕೂತ್ಕಂಡ. ಏನ್ಲಾ ಅಂದೆ. ಏನಿಲ್ಲ ಕಣಕ್ಕಾ, ಗ್ಯಾಸ್ಟ್ರಿಕ್ಕು ಅಂದ. ಬೆವರು ನೋಡವ್ವಾ, ಅಂಗಿ ಹಿಂಡಂಗಿತ್ತು. ಡಾಕ್ಟ್ರಮ್ಮಂಗೆ ಫೋನ್ ಮಾಡ್ಲಾ ಅಂದೆ. ಗ್ಯಾಸ್ಟ್ರಿಕ್ಕಿಗೆಲ್ಲ ಆ ಮಗೀಗೆ ಯಾಕೆ ತೊಂದ್ರೆ ಅಂದ. ಜೀರಿಗೆ ಕುದ್ಸಿ ಕೊಟ್ಟೆ. ಪಕ್ಕದ್ಮನೆಯೋರು ಬಂದು, ಆಟೋ ತರ್ಲಾ ಅಜ್ಜಿ ಅಂದ್ರು. ನಾನೇ ಅಂದೆ ಕಣವ್ವಾ. ಏನಿಲ್ಲ ಬುಡಿ, ಗ್ಯಾಸ್ಟ್ರಿಕ್ಕು ಅಂತ ನಾನೇ ಅಂದೆ."

ನನಗೆ ಸಿಟ್ಟು ಬಂತು. ಅಳು ಬರಲಿಲ್ಲ, ಸಿಟ್ಟು ಬಂತು. ಎದೆನೋವು ಎಂದು ಬಾಯಿಬಿಟ್ಟು ಹೇಳದೆ ಗ್ಯಾಸ್ಟ್ರಿಕ್ಕು ಎಂದು ಹೇಳಿಕೊಂಡು ಬಂದು ನನ್ನ ಮೇಜಿನ ಎದುರೇ ಕುಸಿದವರನ್ನು ನಾನು ನೋಡಿದ್ದೇನೆ. ಇದೂ ಒಂದು ಹುಳ. ಇದನ್ನೂ ನಮ್ಮ ಜನ ಹೆಸರಿಟ್ಟು ಕರೆಯುವುದಿಲ್ಲ. ಆದರೆ ಇವರು! ಒಂದು ತಪ್ಪು ಪದದಿಂದ ಏನಾಗುತ್ತದೆ ಎಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಮೊಳೆಯಿಂದ ಕೊಡೆ ಕಿತ್ತುಕೊಂಡು ಗೋಡೆಗೆ ಕುಟ್ಟಿ, ಹೊಟ್ಟೆಯಿಂದ ಉಸಿರು ತೆಗೆದು ಹೇಳಿ ಸರ್, ಹಾರ್ಟು ಅಂತ ಹೇಳಿ, ಎಂದು ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಆ ಮನೆಯಲ್ಲಿ ಕೇಳಿಸಿಕೊಳ್ಳಲು ಇದ್ದಿದ್ದು ಆ ಮುದುಕಿ ಒಬ್ಬರೇ.

ಅವರು ನನ್ನ ಕೈ ಹಿಡಿದುಕೊಂಡರು.

"ಹಾರ್ಟು ಅಂದಿದ್ರೆ ಆಟೋ ಬರ್ತಿತ್ತು. ನಾನು ಹಂಗನ್ಬಾರ್ದಾಗಿತ್ತು. ನಂದೇ ತಪ್ಪಲ್ವಾ ಡಾಕ್ಟ್ರಮ್ಮಾ?"

ಈ ಪ್ರಶ್ನೆ ನನಗೆ ಹಳೆಯದು. ಇದಕ್ಕೆ ನನ್ನ ಹತ್ತಿರ ಇರುವ ಒಂದೇ ಮಾತೂ ಹಳೆಯದು, ಅದು ಕೆಲಸ ಮಾಡುವುದಿಲ್ಲ ಎಂದೂ ನನಗೆ ಗೊತ್ತು. ಬೇರೆ ಏನಾದರೂ ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ.

"ಇಲ್ಲಮ್ಮಾ. ಅವರೇ ಹಾಗಂದ್ರಲ್ಲ, ನೀವೇನು ಮಾಡೋಕಾಗ್ತಿತ್ತು."

ಅವರು ತಲೆಯಾಡಿಸಿದರು, ಥೇಟ್ ತಮ್ಮನ ಹಾಗೆ. ಒತ್ತಾಯ ಮಾಡಿ ಕಾಫಿ ಕೊಟ್ಟರು. ಕುಡಿದು, ವಿಭೂತಿ ಹಚ್ಚಿಸಿಕೊಂಡು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅವರು ಹೊಸ್ತಿಲ ಒಳಗೆ ನಿಂತು ಕೇಳಿದರು:

"ಸೋಮವಾರ ಆಸ್ಪತ್ರೇಲಿ ಇರ್ತೀಯೇನವ್ವಾ?"

ಇರ್ತೀನಿ, ಬನ್ನಿ, ಅಂದೆ.